ಸ್ಪಷ್ಟನೆ: ಆಘಾತದ ನೆನಪು ಫೋಟೋ ಅಲ್ಲ

‘ತೀವ್ರ ದುಃಖದ ಕ್ಷಣ ಮಿದುಳಿನಲ್ಲಿ ಫೋಟೋದಂತೆ ಅಚ್ಚೊತ್ತುತ್ತದೆ, ಸಾಯುವವರೆಗೂ ಒಂದು ಗೆರೆಯೂ ಬದಲಾಗದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅರ್ಧ ನಿಜ. ಭಾವನೆ ಉಕ್ಕಿದಾಗ ಮಿದುಳಿನಲ್ಲಿ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗ ಚುರುಕಾಗಿ ನೆನಪು ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾದದ್ದೆಲ್ಲ ಸರಿಯಾಗಿರಬೇಕೆಂದಿಲ್ಲ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಚೂರಾಯಿತು. ಮರುದಿನ ಬೆಳಿಗ್ಗೆಯೇ ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಅವರು, ಸುದ್ದಿಯನ್ನು ಎಲ್ಲಿ, ಯಾರಿಂದ ಕೇಳಿದಿರಿ ಎಂಬುದನ್ನು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಎರಡೂವರೆ ವರ್ಷದ ಬಳಿಕ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆ. 11 ಮಂದಿಯ ಉತ್ತರದಲ್ಲಿ ಮುಖ್ಯ ವಿವರ ಒಂದೂ ತಾಳೆಯಾಗಲಿಲ್ಲ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ನನ್ನದೂ ಅದೇ ಕಥೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಸಾವಿನ ಸುದ್ದಿಯನ್ನು ಬಸ್ಸಿನಲ್ಲಿ ಕೇಳಿದೆನೆಂದು ಆಣೆಯಿಟ್ಟು ಹೇಳುತ್ತಿದ್ದೆ. ಅಂದು ನಾನೇ ಕಳಿಸಿದ್ದ ಸಂದೇಶವನ್ನು ಹೆಂಡತಿ ತೆಗೆದು ತೋರಿಸಿದಳು: ‘ಕ್ಷೌರದ ಅಂಗಡಿಯಲ್ಲಿದ್ದೇನೆ, ಟಿವಿಯಲ್ಲಿ ಅಪ್ಪು ಸುದ್ದಿ, ನಂಬಲಾಗುತ್ತಿಲ್ಲ.’ ಬಸ್ಸು ಎಲ್ಲಿಂದ ಬಂತೋ!

ಹಾಗೆಂದು ಸಂಕಟ ಸುಳ್ಳಲ್ಲ, ತಪ್ಪಿದ್ದು ವಿವರ ಮಾತ್ರ. ಅಂದಿನಿಂದ ಎದೆ ಚುಳ್ಳೆಂದರೂ ವೈದ್ಯರ ಬಳಿ ಓಡುವ ನನ್ನ ಅಭ್ಯಾಸವಂತೂ ಬಿಟ್ಟಿಲ್ಲ.