ಫ್ಯಾನಿಗೂ ಕಂಬಳಿಗೂ ನಡುವೆ

ಖಗೋಳಶಾಸ್ತ್ರದ ಲೆಕ್ಕದಲ್ಲಿ ಶರತ್ಕಾಲಕ್ಕೆ ಒಂದು ಖಚಿತ ಗಳಿಗೆಯಿದೆ. ಉತ್ತರಾರ್ಧಗೋಳದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ 22 ಅಥವಾ 23, ದಕ್ಷಿಣಾರ್ಧಗೋಳದಲ್ಲಿ ಮಾರ್ಚ್ 20ರ ಆಸುಪಾಸು. ಸೂರ್ಯ ಸಮಭಾಜಕ ವೃತ್ತವನ್ನು ದಾಟಿದನೆಂದರೆ ಋತು ಬದಲಾಯಿತು, ಅಲ್ಲಿಗೆ ಮುಗಿಯಿತು. ಮನೆಗಳಿಗೆ ಈ ಶಿಸ್ತು ಇಲ್ಲ. ನಮ್ಮ ಮನೆಯಲ್ಲಿರುವುದು ನಾಲ್ಕು ಜನ, ಶರತ್ಕಾಲ ಒಬ್ಬೊಬ್ಬರಿಗೆ ಒಂದೊಂದು ದಿನ ಬರುತ್ತದೆ. ಎಲ್ಲರಿಗಿಂತ ಮೊದಲು ಬರುವುದು ಅತ್ತೆಯವರಿಗೆ. ಸಂಜೆ ಆರಕ್ಕೇ ಕಿಟಕಿಗಳು ದಡಬಡನೆ ಮುಚ್ಚಿಕೊಂಡರೆ ಅವರ ಪಾಲಿನ ಋತು ಬಂದಿತೆಂದು ತಿಳಿಯಬೇಕು. ಮಗಳಿಗೆ ತುಟಿ ಒಡೆದ ದಿನ ಬರುತ್ತದೆ. ನನಗೆ, ಮೊಣಕಾಲಿನ ಕೆಳಗೆ ಉಗುರಿನಿಂದ ಗೀಚಿದಾಗ ಬಿಳಿ ಗೆರೆ ಮೂಡಿ ಹಾಗೇ ಉಳಿದ ದಿನ. ನಮ್ಮ ಯಜಮಾನರಿಗೆ ಶರತ್ಕಾಲ ಬರುವುದೇ ಇಲ್ಲ. ಬೇಸಿಗೆಯಿಂದ ಅವರು ನೇರವಾಗಿ ನೆಗಡಿಗೆ ಹೋಗುತ್ತಾರೆ.

ರಾತ್ರಿಯ ಮುಖ್ಯ ವ್ಯಾಜ್ಯ ಫ್ಯಾನಿನದು. ಹಗಲಿನ ಬಿಸಿ ಗೋಡೆಗಳಲ್ಲಿ ಇನ್ನೂ ಉಳಿದಿರುತ್ತದೆ, ಹಾಗಾಗಿ ಮಲಗುವಾಗ ಫ್ಯಾನ್ ಬೇಕು. ಫ್ಯಾನ್ ಹಾಕಿದರೆ ಮೈ ತಣ್ಣಗಾಗುತ್ತದೆ, ಹಾಗಾಗಿ ಕಂಬಳಿ ಬೇಕು. ಕಂಬಳಿ ಹೊದ್ದರೆ ಸೆಕೆ, ಹಾಗಾಗಿ ಒಂದು ಕಾಲು ಹೊರಗಿರಬೇಕು. ಈ ಹೊರಗಿನ ಕಾಲು ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮಂಜುಗಡ್ಡೆಯಾಗಿ ಪಕ್ಕದವರ ಮೀನಖಂಡಕ್ಕೆ ತಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ನಿದ್ದೆಯಲ್ಲಿ ದೇಹದ ಒಳಗಿನ ಉಷ್ಣತೆ ಹೆಚ್ಚುಕಡಿಮೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದು, ಏಳುವುದಕ್ಕೆ ಒಂದೆರಡು ಗಂಟೆ ಮೊದಲು ತಳ ಮುಟ್ಟುತ್ತದೆ. ಆದ್ದರಿಂದ ಹನ್ನೊಂದು ಗಂಟೆಗೆ ‘ಜೋರಾಗಿ ಹಾಕು’ ಎಂದವರೇ ನಾಲ್ಕು ಗಂಟೆಗೆ ‘ಯಾರಾದರೂ ಆರಿಸಬಾರದೇ’ ಎಂದು ನರಳುವುದು ಶುದ್ಧ ಶರೀರಶಾಸ್ತ್ರ. ಶಾಸ್ತ್ರದಲ್ಲಿ ಇಲ್ಲದ ವಿಷಯವೆಂದರೆ ಎದ್ದು ಸ್ವಿಚ್ ಆರಿಸುವವರು ಯಾರು ಎಂಬುದು. ಇಬ್ಬರಿಗೂ ಎಚ್ಚರವಾಗಿರುತ್ತದೆ. ಇಬ್ಬರೂ ಗೊರಕೆಯಂತಹ ಒಂದು ಸದ್ದು ಹೊರಡಿಸುತ್ತಾ ಇನ್ನೊಬ್ಬರ ಸಹನೆ ಮುಗಿಯುವುದನ್ನು ಕಾಯುತ್ತಿರುತ್ತೇವೆ. ದಪ್ಪನೆಯ ಒಂದು ಹೊದಿಕೆಯನ್ನು ಇಬ್ಬರು ಹಂಚಿಕೊಳ್ಳುವ ಬದಲು ತೆಳ್ಳಗಿನವು ಎರಡೆರಡು ಇಟ್ಟುಕೊಳ್ಳುವುದೇ ಸರಿಯಾದ ಮಾರ್ಗ ಎಂಬುದು ನನ್ನ ದೃಢ ಅಭಿಪ್ರಾಯ. ದಾಂಪತ್ಯದ ಬಗ್ಗೆ ಬರುವ ಉಪದೇಶಗಳಲ್ಲಿ ಇದನ್ನು ಯಾಕೆ ಸೇರಿಸುವುದಿಲ್ಲವೋ ಗೊತ್ತಿಲ್ಲ.

ಹೊದಿಕೆಗಳು ಅಟ್ಟದಿಂದ ಇಳಿಯುವುದೆಂದರೆ ಅದೊಂದು ಸೀನುಗಳ ಮೆರವಣಿಗೆ. ತಿಂಗಳುಗಟ್ಟಲೆ ಮಡಿಸಿಟ್ಟ ಬಟ್ಟೆಯಲ್ಲಿ ಧೂಳಿರುತ್ತದೆ, ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ, ಅವುಗಳ ಹಿಕ್ಕೆ ಮೂಗಿಗೆ ಆಗಿಬರುವುದಿಲ್ಲ. ಬಿಸಿನೀರು ತಡೆಯುವ ಬಟ್ಟೆಯಾದರೆ 60 ಡಿಗ್ರಿ ನೀರಿನಲ್ಲಿ ಒಗೆದು ಒಣಗಿಸಿ, ಆಮೇಲೆ ಹೊದೆಯಬೇಕು. ಯಜಮಾನರು ಇಳಿಸಿದ ತಕ್ಷಣ ಹೊದ್ದು ಮಲಗಿದರು. ಮುಚ್ಚಿದ ಕಿಟಕಿಗಳ ಹಿಂದೆ ಆ ರಾತ್ರಿ ನಡೆದ ಸೀನುಗಳ ಸರಣಿಗೆ ಪಕ್ಕದ ಮನೆಯ ನಾಯಿ ಒಂದೊಂದಕ್ಕೂ ಉತ್ತರ ಕೊಟ್ಟಿತು.

ಅದೇ ಗಂಟಿನಲ್ಲಿ ಅವರ ಅಚ್ಚುಮೆಚ್ಚಿನ ಉಣ್ಣೆಯ ಸ್ವೆಟರೂ ಇತ್ತು. ಬಿಡಿಸಿ ಬೆಳಕಿಗೆ ಹಿಡಿದಾಗ ಕಂಕುಳಲ್ಲಿ, ಕತ್ತಿನ ಪಟ್ಟಿಯಲ್ಲಿ ಸಣ್ಣಸಣ್ಣ ತೂತುಗಳು, ಆಚೆ ಬದಿಯ ಗೋಡೆ ಅವುಗಳ ಮೂಲಕ ಸ್ಪಷ್ಟವಾಗಿ ಕಾಣುತ್ತಿತ್ತು. “ಇಲಿ!” ಎಂದು ಅವರು ತೀರ್ಪು ಕೊಟ್ಟರು. ಇಲಿಯಲ್ಲ. ಬಟ್ಟೆ ಪತಂಗದ ಮರಿಹುಳುಗಳ ಕೆಲಸ ಅದು. ರೆಕ್ಕೆ ಬಂದ ಪತಂಗ ಬಟ್ಟೆ ತಿನ್ನುವುದಿಲ್ಲ. ತಿನ್ನುವುದು ಮರಿಹುಳು, ಅದಕ್ಕೆ ಬೇಕಾದದ್ದು ಉಣ್ಣೆಯಲ್ಲಿರುವ ಕೆರಾಟಿನ್. ನಮ್ಮ ಉಗುರು ಕೂದಲುಗಳಲ್ಲಿರುವುದೂ ಅದೇ ಪ್ರೋಟೀನು. ಬೆವರು ಅಂಟಿದ ಉಣ್ಣೆಯೆಂದರೆ ಅವುಗಳಿಗೆ ಇನ್ನೂ ಪ್ರೀತಿ. ಒಗೆಯದೆ ಮಡಿಸಿಟ್ಟವರು ಯಾರು ಎಂಬ ಪ್ರಶ್ನೆ ಎದ್ದ ಕೂಡಲೇ ಯಜಮಾನರಿಗೆ ಹೊರಗೆ ಯಾವುದೋ ತುರ್ತು ಕೆಲಸ ನೆನಪಾಯಿತು. ಹುಳುಗಳಿಗೆ ಬುದ್ಧಿ ಕಲಿಸಲು ಮಗಳು ಸ್ವೆಟರನ್ನು ಕುದಿಯುವಷ್ಟು ಬಿಸಿನೀರಿಗೆ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಳು. ಉಣ್ಣೆಯ ಎಳೆಯ ಮೇಲೆ ಅತಿಸೂಕ್ಷ್ಮ ಪೊರೆಗಳಿರುತ್ತವೆ. ಬಿಸಿ, ನೀರು, ಕುಲುಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಮತ್ತೆ ಬಿಡುವುದಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಿತು. ಸ್ವೆಟರ್ ಈಗ ಅವಳ ಹಳೆಯ ಗೊಂಬೆಗೆ ತಕ್ಕಮಟ್ಟಿಗೆ ಹಿಡಿಸುತ್ತದೆ, ತೋಳು ಮಾತ್ರ ಸ್ವಲ್ಪ ಬಿಗಿ.

ಇನ್ನು ಚರ್ಮದ ವಿಚಾರ. ಹೊರಗಿನ ತಂಪು ಗಾಳಿಯಲ್ಲಿ ನೀರಿನ ಆವಿ ಕಡಿಮೆ. ಅದೇ ಗಾಳಿ ಮನೆಯೊಳಗೆ ಬಂದು ಬೆಚ್ಚಗಾದಾಗ ಇನ್ನೂ ಬಾಯಾರಿ, ಸಿಕ್ಕಿದ ಕಡೆಯಿಂದಲೆಲ್ಲ ತೇವ ಹೀರುತ್ತದೆ. ಸಿಗುವುದು ನಾವೇ. ಗಾಯದ ಮೇಲೆ ಬರೆ ಎಂಬಂತೆ ಸ್ನಾನದ ನೀರಿನ ಬಿಸಿ ಏರುತ್ತದೆ, ಸ್ನಾನದ ಹೊತ್ತು ಬೆಳೆಯುತ್ತದೆ, ಚರ್ಮದ ಸ್ವಂತ ಎಣ್ಣೆಯೆಲ್ಲ ಚರಂಡಿ ಸೇರುತ್ತದೆ. ಆಮೇಲೆ ‘ಯಾಕೋ ಬೆನ್ನು ತುರಿಸುತ್ತಿದೆ’ ಎಂದು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಾ ನಿಲ್ಲುವುದು. ಉಗುರುಬೆಚ್ಚಗಿನ ನೀರು, ಬೇಗ ಮುಗಿಯುವ ಸ್ನಾನ, ಮೈ ಪೂರ್ತಿ ಒಣಗುವ ಮೊದಲೇ ಒಂದಿಷ್ಟು ಕ್ರೀಮು; ಚರ್ಮದ ವೈದ್ಯರು ಹೇಳುವುದು ಇಷ್ಟೇ. ಕೇಳುವುದಕ್ಕೆ ಸುಲಭ. ಹೊರಗೆ ಒಬ್ಬರು ಬಾಗಿಲು ಬಡಿಯುತ್ತಿರುವಾಗ ಒದ್ದೆ ಮೈಗೆ ಕ್ರೀಮು ಹಚ್ಚುವುದು ಎಂತಹ ಕಲೆ ಎಂಬುದು ಒಂದೇ ಸ್ನಾನದ ಮನೆಯಿರುವವರಿಗೆ ಗೊತ್ತು.

ಮಗಳು ತುಟಿ ಒಣಗಿತೆಂದು ನೆಕ್ಕುತ್ತಾಳೆ, ನೆಕ್ಕಿದ್ದರಿಂದ ಇನ್ನಷ್ಟು ಒಣಗುತ್ತದೆ. ಎಂಜಲು ಆರುವಾಗ ತುಟಿಯ ತೇವವನ್ನೂ ಒಯ್ಯುತ್ತದೆ, ಅದರಲ್ಲಿರುವ ಜೀರ್ಣರಸ ತೆಳು ಚರ್ಮವನ್ನು ಕೆರಳಿಸುತ್ತದೆ. ಇದನ್ನು ತಪ್ಪಿಸಲೆಂದು ಅವಳು ತಂದದ್ದು ಹಣ್ಣಿನ ಪರಿಮಳದ, ಸಿಹಿಯಾದ ತುಟಿ ಮುಲಾಮು. ಹಚ್ಚುವುದಕ್ಕೂ ಮೊದಲೇ ನಾಲಿಗೆ ಹೊರಗೆ ಬಂದಿರುತ್ತದೆ. ನನ್ನ ಮತ ಏನಿದ್ದರೂ ರುಚಿಯಿಲ್ಲದ ಪೆಟ್ರೋಲಿಯಂ ಜೆಲ್ಲಿಗೇ. ಅದು ತೇವ ಕೊಡುವುದಿಲ್ಲ, ಇರುವುದನ್ನು ಹೋಗಲು ಬಿಡುವುದಿಲ್ಲ. ಅದರ ಚರಿತ್ರೆ ಯಜಮಾನರಿಗೆ ಬಾಯಿಪಾಠ: 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತೈಲಬಾವಿಗಳಿಗೆ ಹೋದ ರಾಬರ್ಟ್ ಚೆಸ್‌ಬ್ರೊ ಎಂಬ ರಸಾಯನಶಾಸ್ತ್ರಜ್ಞ, ಯಂತ್ರದ ಸರಳುಗಳಿಗೆ ಅಂಟುತ್ತಿದ್ದ ಜಿಡ್ಡನ್ನು ಕೆಲಸಗಾರರು ಗಾಯಗಳಿಗೆ ಹಚ್ಚುವುದನ್ನು ನೋಡಿದ; ಅದನ್ನು ಶುದ್ಧೀಕರಿಸಿ 1872ರಲ್ಲಿ ಪೇಟೆಂಟ್ ಪಡೆದ. ಬಂದ ನೆಂಟರಿಗೆಲ್ಲ ಈ ಕಥೆ ಹೇಳುವ ಮನುಷ್ಯ ತಾನು ಮಾತ್ರ ಜಪ್ಪಯ್ಯ ಎಂದರೂ ಅದನ್ನು ಮುಟ್ಟುವುದಿಲ್ಲ.

ಕೊನೆಗೆ ಅವರನ್ನು ಬಗ್ಗಿಸಿದ್ದು ಹಿಮ್ಮಡಿ. ಒಡೆದ ಹಿಮ್ಮಡಿ ಹಾಸಿಗೆಯ ಬಟ್ಟೆಗೆ ಸಿಕ್ಕಿ ಚರ್ರೆಂದು ದಾರ ಎಳೆದ ರಾತ್ರಿಯ ಮರುದಿನ ಯೂರಿಯಾ ಇರುವ ಕ್ರೀಮಿನ ಡಬ್ಬಿ ಮನೆಗೆ ಬಂತು. ಯೂರಿಯಾ ಒಳ್ಳೆಯದೇ. ಗಟ್ಟಿಯಾದ ಚರ್ಮವನ್ನು ಮೆದುಗೊಳಿಸಿ ತೇವವನ್ನು ಹಿಡಿದಿಡುತ್ತದೆ. ಆದರೆ ಯಾವ ಕೆಲಸವನ್ನೂ ಅರೆಬರೆ ಮಾಡದ ಅವರು ಗೋಡೆಗೆ ಸುಣ್ಣ ಬಳಿಯುವಷ್ಟು ಬಳಿದುಕೊಂಡರು. ಅಷ್ಟರಲ್ಲಿ ಪಡಸಾಲೆಯಲ್ಲಿ ಮೊಬೈಲ್ ಗುಣುಗುಟ್ಟಿತು. ನುಣ್ಣನೆಯ ಟೈಲ್ಸ್, ಬರಿಗಾಲು, ಅವಸರ. ಮಲಗುವ ಕೋಣೆಯ ಬಾಗಿಲಿನಿಂದ ಸೋಫಾದವರೆಗಿನ ದೂರವನ್ನು ಅವರು ಹೆಜ್ಜೆ ಎತ್ತದೆ ಕ್ರಮಿಸಿದರು. ಸೋಫಾ ಹಿಡಿದುಕೊಂಡಿತು, ಪುಣ್ಯ. ಕರೆ ಸಾಲ ಬೇಕೇ ಎಂದು ಕೇಳುವವರದು.

ಅಂದಿನಿಂದ ಕ್ರೀಮಿನ ಮೇಲೆ ಕಾಲುಚೀಲ ಎಂಬ ನಿಯಮವಾಯಿತು. ಅವರು ಆರಿಸಿಕೊಂಡದ್ದು ನೈಲಾನಿನದು. ಒಣಹವೆಯಲ್ಲಿ ನೈಲಾನ್ ಕಾಲುಚೀಲ ಹಾಕಿಕೊಂಡು ನೆಲಹಾಸಿನ ಮೇಲೆ ಕಾಲೆಳೆಯುತ್ತಾ ನಡೆದರೆ ಮೈಯಲ್ಲಿ ಸಾವಿರಾರು ವೋಲ್ಟ್ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ. ಬಾಗಿಲ ಹಿಡಿಕೆ ಮುಟ್ಟಿದೊಡನೆ ಚಟ್! ಕತ್ತಲಲ್ಲಿ ನೀಲಿ ಕಿಡಿ ಕೂಡ ಕಂಡಿತಂತೆ. “ಈ ಮನೆಯಲ್ಲಿ ನನ್ನನ್ನು ಕೊಲ್ಲುವ ಸಂಚು ನಡೆದಿದೆ” ಎಂದರು. “ಹತ್ತಿಯ ಕಾಲುಚೀಲ ಹಾಕಿಕೊಳ್ಳಿ, ಇಲ್ಲವೆಂದರೆ ಮೊದಲು ಬೀಗದ ಕೈಯಿಂದ ಹಿಡಿಕೆ ಮುಟ್ಟಿ” ಎಂದೆ. ನಾನು ಹೇಳಿದ್ದರಲ್ಲಿ ಎರಡನೆಯದು ಮಾತ್ರ ಅವರಿಗೆ ಹಿಡಿಸಿತು. ಈಗ ನಡುರಾತ್ರಿ ನೀರು ಕುಡಿಯಲು ಎದ್ದರೂ ಕೈಯಲ್ಲಿ ಬೀಗದ ಕೈ ಹಿಡಿದು ಬಾಗಿಲುಗಳನ್ನು ಟಕಟಕ ತಟ್ಟುತ್ತಾ ಹೋಗುತ್ತಾರೆ. ಅತ್ತೆಯವರು ಕಳ್ಳರೆಂದು ಕೂಗಿಕೊಂಡದ್ದೂ ಆಗಿದೆ.

ಹಗಲು ಕುಗ್ಗುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ ವಿಷುವದ ಆಸುಪಾಸಿನಲ್ಲಿ ಅದು ಅತಿ ವೇಗವಾಗಿ ಕುಗ್ಗುತ್ತದೆ, ಸಮಭಾಜಕದಿಂದ ದೂರ ಹೋದಷ್ಟೂ ಜೋರು. “ಇಷ್ಟು ಬೇಗ ಕತ್ತಲಾಯಿತೇ?” ಎಂದು ಅತ್ತೆಯವರು ದಿನಾ ಹೊಸದಾಗಿ ಬೆರಗಾಗುತ್ತಾರೆ. ಬೆಳಿಗ್ಗೆ ಸ್ವಲ್ಪ ಹೊತ್ತು ಹೊರಗಿನ ಬೆಳಕಿಗೆ ಮುಖವೊಡ್ಡಿದರೆ ದೇಹದ ಗಡಿಯಾರ ಸರಿಹೋಗುತ್ತದೆ ಎಂಬುದಂತೂ ನಿಜ. ಬಾಯಾರಿಕೆ ತಿಳಿಯದಿದ್ದರೂ ನೀರು ಕುಡಿಯಬೇಕೆಂಬುದೂ ನಿಜ. ಇವೆರಡನ್ನೂ ಮನೆಯಲ್ಲಿ ಒಬ್ಬರೇ ಪಾಲಿಸುತ್ತಾರೆ, ಅವರ ಹೆಸರು ನಾನು ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ.

ಎಲ್ಲ ಒಂದು ಹದಕ್ಕೆ ಬಂತು ಎನ್ನುವಾಗ ಹವೆ ತಿರುಗಿಬಿತ್ತು. ಶರತ್ಕಾಲದ ಆರಂಭದಲ್ಲಿ ಬೇಸಿಗೆ ಹೀಗೆ, ಮರೆತ ಕೊಡೆಯ ನೆಪದಲ್ಲಿ ಮರಳಿ ಬರುವ ನೆಂಟನಂತೆ ಹಿಂದಿರುಗುವುದುಂಟು. ಮೊನ್ನೆ ರಾತ್ರಿ ಸೆಕೆ ತಡೆಯದೆ ಯಜಮಾನರು ದಿಂಬು ಎತ್ತಿಕೊಂಡು ಪಡಸಾಲೆಗೆ ಹೋದರು. ಅಲ್ಲಿಯ ಫ್ಯಾನ್ ಇನ್ನು ಬೇಕಾಗುವುದಿಲ್ಲ, ಧೂಳು ಹಿಡಿಯುತ್ತದೆ ಎಂದು ಅತ್ತೆಯವರು ಅದರ ಮೂರೂ ರೆಕ್ಕೆಗಳಿಗೆ ಹಳೆಯ ದಿಂಬಿನ ಚೀಲ ತೊಡಿಸಿದ್ದರು. ತೊಡಿಸಿದ್ದು ಎಂದರೆ, ಸ್ಟೂಲಿನ ಮೇಲೆ ಮಗನನ್ನೇ ಹತ್ತಿಸಿ ತೊಡಿಸಿದ್ದರು. ಕತ್ತಲಲ್ಲಿ ಅವರು ಬೀಗದ ಕೈಯಿಂದ ಸ್ವಿಚ್ ಒತ್ತಿದರು. ಒಂದು ಚೀಲ ಟಿವಿಯ ಮೇಲೆ ಬಿತ್ತು, ಒಂದು ಕಪಾಟಿನ ಹಿಂದೆ ಹೋಯಿತು. ಮೂರನೆಯದು ಎಲ್ಲಿ ಬಿತ್ತೆಂದು ಅವರ ಕೂಗಿನಿಂದಲೇ ತಿಳಿಯಿತು. ಅತ್ತೆಯವರ ಕೋಣೆಯ ಕಡೆ ತಿರುಗಿ “ಅಮ್ಮಾ!” ಎಂದರು. ಒಳಗಿನಿಂದ ಗೊರಕೆಯಂತಹ ಒಂದು ಸದ್ದು ಬಂತು.