ಒಂದು ಹಾಡು ಕೇಳೋದಕ್ಕೆ ಎಷ್ಟು ಕಾಟ!

ಹಾಡು ಪಲ್ಲವಿ ದಾಟಿ ಚರಣಕ್ಕೆ ಕಾಲಿಟ್ಟಿತ್ತಷ್ಟೇ, ಪಕ್ಕದ ಕೋಣೆಯ ಫೋನು ಬ್ಲೂಟೂತ್ ಸ್ಪೀಕರನ್ನು ಕಸಿದುಕೊಂಡು ಯಾವುದೋ ರೀಲ್ಸ್ ಅರಚಿಸಿತು. ಸಾಕಪ್ಪಾ ಸಾಕು! ಮ್ಯೂಸಿಕ್ ಆ್ಯಪ್‌ಗೆ ಚಂದಾ ಕಟ್ಟೋದು 24 ಬಿಟ್, 192 ಕಿಲೋಹರ್ಟ್ಸ್‌ನ ಉತ್ಕೃಷ್ಟ ಧ್ವನಿಗೆ. ಬ್ಲೂಟೂತ್‌ನಲ್ಲಿ ಕಳಿಸಲು ಧ್ವನಿಯನ್ನು ಕುಗ್ಗಿಸುವ ಎಸ್‌ಬಿಸಿ ಕೋಡೆಕ್‌ನ ಜರಡಿ ದಾಟಿ ಕಿವಿಗೆ ಬೀಳೋದು ಸೆಕೆಂಡಿಗೆ ಬರೀ 328 ಕಿಲೋಬಿಟ್ ಆಸುಪಾಸು. ಮೈಕ್ರೋವೇವ್ ಹಚ್ಚಿದರೆ ಅದೂ ತೊದಲುತ್ತದೆ. ಮೈಕ್ರೋವೇವ್, ಬ್ಲೂಟೂತ್ ಇಬ್ಬರಿಗೂ ಅದೇ 2.4 ಗಿಗಾಹರ್ಟ್ಸ್ ತರಂಗಗಳ ಬೀದಿಯೇ ಬೇಕಲ್ಲ! ಊಟ ಬಿಸಿ ಮಾಡಬೇಕೋ, ಸಂಗೀತ ಕೇಳಬೇಕೋ?

ಇಂಟರ್ನೆಟ್ ರೇಡಿಯೊ ಕಥೆ ಇನ್ನೂ ಚೆಂದ. ಸ್ಟೇಷನ್ ತನ್ನ ಸ್ಟ್ರೀಮ್ ವಿಳಾಸ ಬದಲಿಸಿದ ದಿನವೇ ಆ ಸ್ಟೇಷನ್ ನೆನಪಿಟ್ಟುಕೊಂಡಿದ್ದ ಪ್ರೀಸೆಟ್ ಗುಂಡಿ ಗೊಟಕ್. ಗಂಟೆ ಸಾರುವ ‘ಪೀಂ’ ಕೂಡ ಧ್ವನಿಯನ್ನು ಮೊದಲೇ ಕೂಡಿಟ್ಟುಕೊಳ್ಳುವ ಬಫರ್‌ನಲ್ಲಿ ಕೂತು, ಆಕಳಿಸಿ, ತಡವಾಗಿ ಬರುತ್ತದೆ. ಗಡಿಯಾರ ಸರಿಮಾಡಿಕೊಳ್ಳೋದು ಹೇಗೆ ಸ್ವಾಮಿ? ಹಳೇ ರೇಡಿಯೊ ತಿರುಗಣೆ ಟಕ್ ಅಂದರೆ ಹಾಡು. ಇದಕ್ಕೆ ಮೊದಲು ವೈಫೈ, ಆಮೇಲೆ ಅಪ್‌ಡೇಟ್, ಆಮೇಲೆ ಪಾಸ್‌ವರ್ಡ್. ಅಷ್ಟು ಹೊತ್ತಿಗೆ ಕೇಳುವ ಮನಸ್ಸಾದರೂ ಎಲ್ಲಿ ಉಳಿದಿರುತ್ತದೆ?