ಮಂಜು ಆಡಿದ 32 ಕೆಬಿ

ಮಧ್ಯಾಹ್ನ ಆಫೀಸ್ ಕ್ಯಾಂಟೀನಿನಲ್ಲಿ ಕೇಳಿದ ಮಾತಿನ ಸಿಟ್ಟು ಇನ್ನೂ ಇಳಿದಿಲ್ಲ. "ಹಾಗಾದ್ರೆ ನೀವು ಪೈರಸಿ ಮಾಡಿದ್ರಿ ಅಂತಾಯ್ತು." ಹೇಳಿದವರು ಹದಿನೈದು ವರ್ಷದಿಂದ ಸಾಫ್ಟ್‌ವೇರಿನಲ್ಲಿದ್ದವರು. ಅದಕ್ಕೇ ಜಾಸ್ತಿ ಬೇಜಾರು.

ನಡೆದದ್ದು ಇಷ್ಟು. ಭಾನುವಾರ ಬಂದರೆ ನಮ್ಮನೆ ಊಟದ ಟೇಬಲ್ ಮೇಲೆ ಸೋಲ್ಡರಿಂಗ್ ಐರನ್ ಕೂರುತ್ತದೆ, ನಿಮಗೆ ಗೊತ್ತಲ್ವಾ. ಈ ಸಲ ಹಿಂದಿನ ಬೀದಿಯ ಹುಡುಗ ಅವನ ಚಿಕ್ಕಪ್ಪನ ಗೇಮ್ ಬಾಯ್ ಕಾರ್ಟ್ರಿಜ್ ತಂದಿದ್ದ. ಗೇಮ್ ಬಾಯ್ ಅಂದರೆ ಕೈಯಲ್ಲಿ ಹಿಡಿದು ಆಡೋ ನಿಂಟೆಂಡೋ ಕಂಪನಿಯ ಹಳೇ ಕನ್ಸೋಲ್, ಕಾರ್ಟ್ರಿಜ್ ಅಂದರೆ ಅದಕ್ಕೆ ಸಿಕ್ಕಿಸೋ ಆಟದ ಡಬ್ಬಿ. ಪೋಕೆಮಾನ್ ಗೋಲ್ಡ್ ಅನ್ನೋ ಆಟದ್ದು. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಆಡಿದ್ದು. ಈಗ ಅವರು ಮಸ್ಕತ್‌ನಲ್ಲಿದ್ದಾರೆ. "ಅವರ ಆಟ ಇನ್ನೂ ಇದೆ ಆಂಟಿ, ಅದು ಅಳಿಸಿ ಹೋಗೋ ಮೊದಲು ಬ್ಯಾಟರಿ ಹಾಕ್ಕೊಡಿ" ಅಂದ.

ಸ್ಕ್ರೂ ಬಿಚ್ಚಿದೆ. ಒಳಗೆ ಬಿಸ್ಕತ್ತಿನಷ್ಟು ದೊಡ್ಡ ಬೋರ್ಡು. ಒಂದು ಚಿಪ್‌ನಲ್ಲಿ ಆಟ ಇದೆ, 2 ಎಂಬಿ. ಅದು ಫ್ಯಾಕ್ಟರಿಯಲ್ಲೇ ಅಚ್ಚಾದದ್ದು. ಕರೆಂಟ್ ಇರಲಿ ಬಿಡಲಿ, ಅಲುಗಾಡಲ್ಲ. ಪಕ್ಕದ ಪುಟ್ಟ ಚಿಪ್‌ನಲ್ಲಿ ಆಡಿದವನ ಸೇವ್ ಇದೆ, ಅಂದರೆ ಅವನು ಎಲ್ಲಿವರೆಗೆ ಆಡಿದ್ದ ಅನ್ನೋ ದಾಖಲೆ, ಬರೀ 32 ಕೆಬಿ. ಈ ಎರಡನೆಯದಕ್ಕೆ ಕರೆಂಟ್ ತಪ್ಪಿದರೆ ಎಲ್ಲ ಮರೆತುಹೋಗುತ್ತದೆ. ಅದನ್ನು ಇಷ್ಟು ವರ್ಷ ಕಾದದ್ದು ಒಂದು ಸಿಆರ್2025 ಸೆಲ್, ಹಳೇ ಐದು ರೂಪಾಯಿ ನಾಣ್ಯಕ್ಕಿಂತ ತೆಳ್ಳಗಿನದು. ಗೋಲ್ಡ್‌ನಲ್ಲಿ ಹಗಲು ರಾತ್ರಿ ತೋರಿಸೋ ಗಡಿಯಾರವೂ ಇದೆ. ಅದೂ ಇದೇ ಸೆಲ್‌ನಿಂದಲೇ ಕುಡಿಯುತ್ತದೆ. ಮೀಟರ್ ಇಟ್ಟೆ. 2.4 ವೋಲ್ಟ್. ಹೊಸದರಲ್ಲಿ 3 ಇರುತ್ತದೆ. ನನ್ನ ಕೈ ನಡುಗಿತು.

ಮೊದಲು ಕಾರ್ಟ್ರಿಜ್ಅನ್ನು ರೀಡರ್‌ಗೆ, ಅಂದರೆ ಅದರಲ್ಲಿರೋದನ್ನು ಲ್ಯಾಪ್‌ಟಾಪಿಗೆ ಓದಿಕೊಡೋ ಸಾಧನಕ್ಕೆ, ಸಿಕ್ಕಿಸಿ ಆ 32 ಕೆಬಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಆಮೇಲೆ ಸೆಲ್ ಬದಲಿಸಿದೆ. ಆಮೇಲೆ ಅದನ್ನೇ ವಾಪಸ್ ತುಂಬಿಸಿದೆ. ಪೈರಸಿ ಅಂದದ್ದು ಇದಕ್ಕೆ!

ಆಟವನ್ನು ನಾನು ಮುಟ್ಟಿಯೇ ಇಲ್ಲ. ಇಳಿಸಿಕೊಂಡದ್ದು ಮಂಜು ಅನ್ನೋ ಒಬ್ಬ ಹುಡುಗ, ಅಂದರೆ ಆಗಿನ ಆ ಚಿಕ್ಕಪ್ಪ, ಕೂತು ಆಡಿದ್ದನ್ನು. ಅದು ಯಾವ ಕಂಪನಿಯ ಸೊತ್ತು?

"ಹ್ಯಾಕ್ ಮಾಡದೆ ಓದೋಕಾಗುತ್ತಾ" ಅಂತಲೂ ಕೇಳಿದರು. ಆಗುತ್ತದೆ. ಗೇಮ್ ಬಾಯ್ ಕಾರ್ಟ್ರಿಜ್‌ನಲ್ಲಿರೋ ಡೇಟಾಕ್ಕೆ ಬೀಗವೇ ಇಲ್ಲ. ಆ ಕನ್ಸೋಲಿಗೆ ಒಂದು ಸಲಕ್ಕೆ ಕಾಣೋದು ಆಟದ 32 ಕೆಬಿ ಮಾತ್ರ. ಅದರಲ್ಲಿ ಮೊದಲ 16 ಕೆಬಿ ಖಾಯಂ, ಉಳಿದ 16 ಕೆಬಿ ಪುಟದ ಹಾಗೆ ತಿರುಗುತ್ತದೆ. ಗೋಲ್ಡ್‌ನಲ್ಲಿ ಅಂಥ 128 ಪುಟ. ತಿರುಗಿಸೋ ರೀತಿ ನೋಡಿದರೆ ಈಗಲೂ ನನಗೆ ಖುಷಿಯಾಗುತ್ತದೆ. ಆಟದ ಚಿಪ್ ಮೇಲೆ ಬರೆಯೋಕಾಗಲ್ಲ ಅಲ್ವಾ? ಆದರೂ ಕನ್ಸೋಲ್ ಆ ವಿಳಾಸಕ್ಕೇ ಒಂದು ನಂಬರ್ ಬರೆಯುತ್ತದೆ. ಮಧ್ಯದಲ್ಲಿರುವ ಎಂಬಿಸಿ3 ಚಿಪ್ ಅದನ್ನು ಹಿಡಿದು, ಸರಿ, ಈ ಪುಟ ಬೇಕಾ ಅಂತ ತೆಗೆದುಕೊಡುತ್ತದೆ. ಸೇವ್ ಚಿಪ್‌ನ ಪುಟಗಳೂ ಹೀಗೇ. ನನ್ನ ರೀಡರ್ ಮಾಡೋದೂ ಇದನ್ನೇ. ಕನ್ಸೋಲ್ ಕೇಳುವ ಹಾಗೇ ಕೇಳುತ್ತದೆ, ಕಾರ್ಟ್ರಿಜ್ ಉತ್ತರ ಕೊಡುತ್ತದೆ. ಇದರಲ್ಲಿ ಒಡೆದದ್ದು ಏನು?

ನಿಜವಾದ ಪೈರಸಿ ಇಲ್ವಾ? ಇದೆ. ಒಬ್ಬರು ವರ್ಷಗಟ್ಟಲೆ ಕೂತು ಮಾಡಿದ ಆಟವನ್ನು ಕದ್ದು ಮಾರೋದು ಕಳ್ಳತನವೇ. 2024ರ ಮಾರ್ಚ್‌ನಲ್ಲಿ, ಸ್ವಿಚ್ ಅನ್ನೋ ನಿಂಟೆಂಡೋದ ಕನ್ಸೋಲಿನ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸೋ ಯುಜು ಎಮ್ಯುಲೇಟರ್ ಮಾಡಿದವರು ನಿಂಟೆಂಡೋಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಹಾಕಿದರು. ಅದು ಸ್ವಿಚ್ ಆಟಗಳ ಬೀಗದ ಜಗಳ. ಅದನ್ನು ತಂದು ಈ ಹುಡುಗನ ಕಾರ್ಟ್ರಿಜ್ ಮೇಲೆ ಯಾಕೆ ಹೇರಬೇಕು? ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನೇ, ನ್ಯಾಯವಾಗಿ ಕೈಯಲ್ಲಿರೋ ಪ್ರೋಗ್ರಾಂ ಹಾಳಾಗಿ ಹೋಗದಂತೆ ಬ್ಯಾಕಪ್ ಮಾಡಿಕೊಳ್ಳಲು ಬಿಡುತ್ತದೆ. ಸುಮ್ನೆ ಒಂದು ಸಲ ಓದಿ ನೋಡಬಹುದಿತ್ತು.

ನನ್ನ ಹೆದರಿಕೆ ಬೇರೆ. ಕೊಂಡವರ ಕೈಗೆ ಸಿಗೋದೇ ಕಡಿಮೆಯಾಗುತ್ತಿದೆ. ಸ್ವಿಚ್‌ನಲ್ಲಿ ಸೇವ್ ಕಾರ್ಡಿನೊಳಗೆ ಇರೋದೇ ಇಲ್ಲ, ಕನ್ಸೋಲಿನಲ್ಲಿರುತ್ತದೆ. 2025ರಲ್ಲಿ ಬಂದ ಸ್ವಿಚ್ 2ರ ಗೇಮ್-ಕೀ ಕಾರ್ಡ್‌ಗಳಲ್ಲಿ ಆಟವೇ ಇಲ್ಲ, ಕೀಲಿ ಮಾತ್ರ. ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಇಪ್ಪತ್ತು ವರ್ಷ ಬಿಟ್ಟು ಯಾರಾದರೂ ಅಂಥ ಕಾರ್ಡ್ ತಂದುಕೊಟ್ಟರೆ ನಾನು ಏನನ್ನು ಬಿಚ್ಚಿ ನೋಡಲಿ?

ಇದುವರೆಗೆ ಇಲ್ಲಿ ಬರೆಯದ ಒಂದು ಮಾತು ಹೇಳಿಬಿಡುತ್ತೇನೆ. 2012ರಲ್ಲಿ ನನ್ನ ತಮ್ಮನ ಕಾರ್ಟ್ರಿಜ್‌ಗೂ ಬ್ಯಾಟರಿ ಹಾಕಲು ಹೋಗಿದ್ದೆ. ಕಾಪಿ ಮಾಡೋದು ತಪ್ಪು ಅಂತ ಯಾರೋ ಹೇಳಿದ್ದನ್ನು ಆಗ ನಂಬಿದ್ದೆ. ಮಾಡಲಿಲ್ಲ. ಹಳೇ ಸೆಲ್ ಕಿತ್ತೆ, ಹೊಸದು ಹಾಕಿದೆ, ಆನ್ ಮಾಡಿದೆ. ಮೆನುವಿನಲ್ಲಿ ಮೇಲೆ ಇರಬೇಕಾಗಿದ್ದ 'ಕಂಟಿನ್ಯೂ' ಅನ್ನೋ ಸಾಲೇ ಇಲ್ಲ. 'ನ್ಯೂ ಗೇಮ್'ನಿಂದ ಶುರು. ತಮ್ಮ "ಪರ್ವಾಗಿಲ್ಲ ಬಿಡಕ್ಕ" ಅಂದ. ಮತ್ತೆಂದೂ ಅದನ್ನು ಮುಟ್ಟಲಿಲ್ಲ.

ಭಾನುವಾರ 'ಕಂಟಿನ್ಯೂ' ಬಂತು. ಮಂಜು, 212 ಗಂಟೆ. ಹುಡುಗ ಅಲ್ಲೇ ಮಸ್ಕತ್‌ಗೆ ವಿಡಿಯೋ ಕಾಲ್ ಮಾಡಿ ಪರದೆ ತೋರಿಸಿದ. ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಮೌಂಟ್ ಸಿಲ್ವರ್ ಬಾಗಿಲಲ್ಲೇ ನಿಲ್ಲಿಸಿದ್ದೆ ಕಣೋ, ಒಳಗೆ ಹೋಗೋಕೆ ಹೆದರಿಕೆಯಾಗಿ" ಅಂದರು. ಅದು ಆ ಆಟದ ಕೊನೆಯ ಬೆಟ್ಟ. ಶನಿವಾರ ರಾತ್ರಿ ಫೋನ್ ಹಚ್ಚಿಟ್ಟುಕೊಂಡು ಇಬ್ಬರೂ ಒಟ್ಟಿಗೆ ಒಳಗೆ ಹೋಗುತ್ತಾರಂತೆ.